ಹತ್ತೊಂಬತ್ತನೆಯ ಪಾಠ

ಮೂವತ್ತೊಂದನೆಯ ಪಾಠ ಮಾತ್ರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ನಾಲ್ಕು ಸಾಲು ಸಲೀಸಾಗಿ ಬಂದು, ಅಲ್ಲಿಂದ ನಾಲಿಗೆ ತಾನಾಗಿಯೇ ಇಪ್ಪತ್ತೆರಡನೆಯ ಪಾಠದ ನಡುವಿಗೆ ಜಾರಿಕೊಳ್ಳುತ್ತಿತ್ತು. ಅಮರೇಶ ಹಾಸ್ಟೆಲಿನ ತಿಂಡಿಯ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು, ತುಟಿ ಮಾತ್ರ ಅಲ್ಲಾಡಿಸುತ್ತ ಮತ್ತೆ ಮೊದಲಿಂದ ಹಿಡಿದ. ಹತ್ತು ಗಂಟೆಗೆ ಬರವಣಿಗೆ. ಮಧ್ಯಾಹ್ನ ಎರಡರ ಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು ಓದಿಸುತ್ತಾರೆ. ಐದಕ್ಕೆ ಕಾಲೇಜಿನ ನೋಟೀಸು ಬೋರ್ಡಿಗೆ ಎರಡು ಪಟ್ಟಿ ಅಂಟಿಸುತ್ತಾರೆ. ಕನ್ನಡ ಮಾಧ್ಯಮದಿಂದ ಬಂದ ಅರವತ್ತು ಚಿಲ್ಲರೆ ಹುಡುಗರೆಲ್ಲ ಇಂಗ್ಲಿಷಿನ ಈ ಓದು-ಬರಹದ ಟೆಸ್ಟು ಕೊಡಲೇಬೇಕು. ಅದರಲ್ಲಿ ಮೂವತ್ತು ಜನ ಮೊದಲ ಪಟ್ಟಿಗೆ, ನೇರ ಬಿ.ಎಸ್ಸಿ.ಗೆ. ಉಳಿದವರು ಒಂದು ವರ್ಷ ಪೂರ್ವಸಿದ್ಧತಾ ತರಗತಿಯಲ್ಲಿ ಕೂತು ಮುಂದಿನ ಜುಲೈನಲ್ಲಿ ಮತ್ತೆ ಟೆಸ್ಟು ಕೊಡಬೇಕು. ಒಂದು ವರ್ಷ ತಾನೇ ಎಂದು ಮೈಸೂರಿನ ಹುಡುಗರು ನಗುತ್ತಿದ್ದರು. ಅವರಿಗೆ ಊರಲ್ಲೇ ಮನೆಯಿತ್ತು. ಒಂಟಿಕೊಪ್ಪಲಿನ ಈ ಮಠದ ಹಾಸ್ಟೆಲಿನಲ್ಲಿ ಡಿಗ್ರಿ ಓದುವವರಿಗೆ ಮಾತ್ರ ಅನ್ನ, ಜಾಗ. ವಾರ್ಡನ್ನು ಮೊದಲ ದಿನವೇ ಹೇಳಿಬಿಟ್ಟಿದ್ದರು: "ಸಿದ್ಧತೆ ಗಿದ್ಧತೆ ನಮ್ಗೆ ಲೆಕ್ಕಕ್ಕಿಲ್ಲ. ಎರಡನೇ ಪಟ್ಟೀಲಿ ಹೆಸರು ಬಂತೋ, ಮಾರನೇ ದಿನ ಟ್ರಂಕು ಎತ್ತಬೇಕು."

"ಏನ್ ಐನೋರೆ, ಬೆಳಗ್ಗೆ ಬೆಳಗ್ಗೇನೇ ಮಂತ್ರವಾ? ತಟ್ಟೆ ಈಕಡೆ ಹಿಡೀರಿ, ಉಪ್ಪಿಟ್ಟು ನೆಲದ ಪಾಲಾಯ್ತದೆ" ಎಂದಳು ಬಡಿಸುತ್ತಿದ್ದ ದೇವಿರಮ್ಮ. ಹಿಂದೆ ನಿಂತವರು ನಕ್ಕರು. ಆಕೆ ಕುಹಕಕ್ಕೆ ಹೇಳಿದ್ದಲ್ಲ; ಜಂಗಮರ ಮನೆಯ ಹುಡುಗ ಎಂದು ಗೊತ್ತಾದ ದಿನದಿಂದ ಅವನನ್ನು ಹಾಗೇ ಕರೆಯುತ್ತಿದ್ದಳು, ಒಂದು ಸೌಟು ಹೆಚ್ಚಿಗೇ ಹಾಕುತ್ತಿದ್ದಳು. ಅಮರೇಶನಿಗೆ ಆ ಹೆಚ್ಚಿನ ಸೌಟೇ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೂಲೆಯಲ್ಲಿ ಕೂತು ತಿನ್ನುವಾಗ ನಾಲ್ಕನೆಯ ಸಾಲು ಬಂತು, ಮತ್ತೆ ಜಾರಿತು. ನೋಟುಬುಕ್ಕು ತೆಗೆದು ನೋಡಿದ. ಅದರಲ್ಲಿ ಓದಿನ ಟೆಸ್ಟಿಗೆ ಬರುವ ಪುಸ್ತಕದ ನಲವತ್ತು ಪಾಠಗಳನ್ನೂ ಅವನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದ. ಒಂದೊಂದು ಇಂಗ್ಲಿಷ್ ಪದವನ್ನೂ ಮೇಲಿನ ಕ್ಲಾಸಿನವರಿಂದ ಹೇಳಿಸಿಕೊಂಡು, ಕೇಳಿಸಿದ ಹಾಗೆ, ಒತ್ತು ದೀರ್ಘ ಸಮೇತ. ಫಾರ್ ಫಾರ್ಟಿ ವಿಂಟರ್ಸ್ ಥಾಮಸ್ ಹ್ಯಾಡ್ ಟೆಂಡೆಡ್ ದಿ ಲ್ಯಾಂಪ್. ಹೀಗೆ ಬರೆದ ಮೇಲೆ ಇಂಗ್ಲಿಷು ಎನ್ನುವುದು ಹೆದರಿಸುವ ಪದಾರ್ಥವಾಗಿ ಉಳಿಯುತ್ತಿರಲಿಲ್ಲ. ಅದು ಬರೀ ಸದ್ದು. ಸದ್ದನ್ನು ಬಾಯಲ್ಲಿ ಕೂರಿಸುವುದು ಅವನಿಗೆ ಹುಟ್ಟಿನಿಂದ ಬಂದ ಕಸುಬು.

ಅಪ್ಪ ಪ್ರಭುಸ್ವಾಮಿ ಅವನಿಗೆ ಅಕ್ಷರಕ್ಕಿಂತ ಮೊದಲು ಪಾಠ ಕಲಿಸಿದ್ದರು. ಐದು ವರ್ಷದ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಒಂದು ಸಾಲು ಹೇಳುವುದು, ಅವನು ತಿರುಗಿ ಹೇಳುವುದು, ಅರ್ಥ ಕೇಳಿದರೆ, "ಬಾಯಿಗೆ ಬರ್ಲಿ ಮೊದ್ಲು, ಅರ್ಥ ಎಲ್ಲಿಗ್ ಓಡೋಯ್ತದೆ?" ಎನ್ನುವುದು. ಪೂರ್ತಿ ಬಾಯಿಗೆ ಬಂದ ಮೇಲೆ ಪುಸ್ತಕವನ್ನು ಮುಂದಿಟ್ಟು ಬೆರಳನ್ನು ಸಾಲಿನ ಮೇಲೆ ಓಡಿಸುವುದನ್ನು ಕಲಿಸಿದ್ದರು. ಶ್ರಾವಣದಲ್ಲಿ ಊರಿನ ಮಠದ ಜಗುಲಿಯಲ್ಲಿ ಅವನು ಪುರಾಣ ಓದುತ್ತಿದ್ದಾಗ, ಏಳು ವರ್ಷದ ಮಗು ಇಷ್ಟು ದಪ್ಪ ಪುಸ್ತಕ ಓದುತ್ತದೆ ಎಂದು ಹೆಂಗಸರು ಕಣ್ಣೊರೆಸಿಕೊಂಡಿದ್ದರು. ಅಮ್ಮ ಶಾಂತಾದೇವಿ ದೃಷ್ಟಿ ತೆಗೆದಿದ್ದಳು. ಪುಟ ಮಗುಚುವ ಜಾಗವನ್ನು ಅಪ್ಪ ಕೆಮ್ಮಿ ತೋರಿಸುತ್ತಿದ್ದರು. ಒಮ್ಮೆ ಅವರು ಕೆಮ್ಮುವುದನ್ನು ಮರೆತಾಗ ಹುಡುಗ ಒಂದೇ ಪುಟದ ಮೇಲೆ ಬೆರಳಾಡಿಸುತ್ತ ಮೂರು ಪುಟದಷ್ಟು ಹೇಳಿದ್ದ. ಯಾರೂ ಗಮನಿಸಲಿಲ್ಲ. ಜನ ಬೆರಳನ್ನು ನಂಬುತ್ತಾರೆ. ಎಸ್ಸೆಸ್ಸೆಲ್ಸಿ ಪಾಸಾದದ್ದು, ಪಿಯುಸಿ ಪಾಸಾದದ್ದು, ಎಲ್ಲ ಗೈಡಿನ ಸಾಲುಗಳಿಂದ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಗೊತ್ತಿದ್ದವು, ಚಿಕ್ಕ ಪದಗಳು ಗೊತ್ತಿದ್ದವು, ಅಂಗಡಿ ಬೋರ್ಡು ಓದಬಲ್ಲ. ಆದರೆ ಸಾಲುಗಟ್ಟಿ ನಿಂತ ಒಂದು ಪುಟ ಎದುರಾದರೆ ಕಣ್ಣು ಮಂಜಾಗಿ, ಕಿವಿ ಮುಂದೆ ಬರುತ್ತಿತ್ತು.

ಕಾಲೇಜಿಗೆ ನಡೆದೇ ಹೋದ. ದಾರಿಯಲ್ಲಿ ಮೂವತ್ತೊಂದನ್ನು ಬಿಟ್ಟುಬಿಡುವುದೆಂದು ತೀರ್ಮಾನಿಸಿದ. ನಲವತ್ತರಲ್ಲಿ ಅದೇ ಯಾಕೆ ಬರಬೇಕು? ನೂರು ಹೆಜ್ಜೆ ಹೋಗುವುದರೊಳಗೆ ಅದೇ ಬರುತ್ತದೆ ಎಂದು ಖಾತ್ರಿಯಾಯಿತು. ಬರವಣಿಗೆಯ ಹಾಲಿನಲ್ಲಿ ಬೆಂಚಿಗೊಬ್ಬರಂತೆ ಕೂರಿಸಿ ಬೋರ್ಡಿನ ಮೇಲೆ ವಿಷಯ ಬರೆದರು: ಹೋದ ಭಾನುವಾರ ನೀನು ಏನು ಮಾಡಿದೆ, ಹದಿನೈದು ವಾಕ್ಯ. ಅಮರೇಶ ಎಂಟು ಪ್ರಬಂಧ ತಯಾರು ಮಾಡಿಕೊಂಡಿದ್ದ. ಭಾನುವಾರದ್ದು ಇರಲಿಲ್ಲ. ಮೃಗಾಲಯಕ್ಕೆ ಭೇಟಿ ಇತ್ತು. ಮೈಸೂರಿಗೆ ಬಂದು ಮೂರು ವಾರವಾದರೂ ಅವನು ಮೃಗಾಲಯದ ಗೇಟು ಕೂಡ ನೋಡಿರಲಿಲ್ಲ. ಆದರೂ ಮೊದಲ ವಾಕ್ಯಕ್ಕೆ ಭಾನುವಾರ ಸೇರಿಸಿ, ಉಳಿದದ್ದನ್ನು ಇದ್ದ ಹಾಗೇ ಇಳಿಸಿದ. ಆ ಗೈಡಿನ ಮೃಗಾಲಯದಲ್ಲಿ ಹಿಮಕರಡಿ ಇತ್ತು, ಮಕ್ಕಳು ಅದಕ್ಕೆ ಬಿಸ್ಕತ್ತು ಎಸೆಯುತ್ತಿದ್ದರು. ಆದರೆ ಹೋದ ಭಾನುವಾರ ತಾನು ಏನು ಮಾಡಿದೆ ಎಂಬುದು ಅವನಿಗೆ ಸರಿಯಾಗಿ ಗೊತ್ತಿತ್ತು. ಹಾಸ್ಟೆಲಿನವರೆಲ್ಲ ಬಟ್ಟೆ ಒಗೆಯಲು ಹೋಗಿದ್ದಾಗ ಅಲ್ಲಿನ ಲೈಬ್ರರಿಗೆ ನುಗ್ಗಿ, ಆ ನಲವತ್ತು ಪಾಠಗಳ ಸೈಕ್ಲೋಸ್ಟೈಲ್ ಪುಸ್ತಕವನ್ನು ಯಾರೂ ಮುಟ್ಟದ ಹಳೆಯ ಕೃಷಿ ಪತ್ರಿಕೆಗಳ ಬೈಂಡಿನ ಹಿಂದೆ ತುರುಕಿ ಬಂದಿದ್ದ. ಕಾಲೇಜಿನವರು ಎಷ್ಟೋ ವರ್ಷದಿಂದ ಓದಿನ ಟೆಸ್ಟಿಗೆ ಅದರಿಂದಲೇ ಒಂದು ಪಾಠ ಕೊಡುತ್ತಾರೆಂದು ಹಾಸ್ಟೆಲಿನಲ್ಲಿ ಗೊತ್ತಿತ್ತು. ಇದ್ದದ್ದು ಒಂದೇ ಪ್ರತಿ. ಅವನ ಕೆಲಸ ಮುಗಿದಿತ್ತು. ಇನ್ನೊಬ್ಬರ ಕೆಲಸ ಶುರುವಾಗಬಾರದಿತ್ತು. ಅಷ್ಟೇ. ಮೂವತ್ತು ಜಾಗ. ಹಿಮಕರಡಿಗೆ ಮಕ್ಕಳು ಬಿಸ್ಕತ್ತು ಎಸೆದರು, ನಾವು ಸಂತೋಷದಿಂದ ಮನೆಗೆ ಹಿಂದಿರುಗಿದೆವು ಎಂದು ಬರೆದು ಎಣಿಸಿದ. ಹದಿನೈದು ವಾಕ್ಯ ಸರಿಯಾಗಿತ್ತು.

ಊಟದ ಹೊತ್ತಿಗೆ ಹರೀಶ ಬಂದು ಮೆಟ್ಟಿಲ ಮೇಲೆ ಪಕ್ಕಕ್ಕೆ ಕೂತ. ಅವನು ಶ್ರೀರಾಂಪುರದವನು, ಅಪ್ಪ ಜವರಯ್ಯ ಗಾರೆ ಕೆಲಸ ಮಾಡುತ್ತಿದ್ದರು. ಅಡ್ಮಿಷನ್ ಸಾಲಿನಲ್ಲಿ ಪರಿಚಯವಾದವನು ಅಲ್ಲಿಂದ ಅಮರೇಶನನ್ನು ಬಿಟ್ಟಿರಲಿಲ್ಲ. ಮಾತು ಜಾಸ್ತಿ, ನಾಚಿಕೆ ಕಡಿಮೆ. ಡಬ್ಬಿಯ ಮುಚ್ಚಳ ತೆಗೆದು, "ತಗೋ, ನಮ್ಮವ್ವ ಚಿತ್ರಾನ್ನ ಮಾಡವ್ಳೆ" ಎಂದ.

"ಬೇಡ ಕಣೋ."

"ತಿನ್ನೋ, ಐನೋರ್ ಮಡಿ ಕೆಡಲ್ಲ. ಏನ್ ಬರ್ದೆ ಭಾನ್ವಾರ? ನಾನು ನಮ್ಮಪ್ಪನ್ ಜೊತೆ ಕೆಲ್ಸಕ್ಕೋಗಿದ್ದೆ, ಅದ್ನೇ ಬರ್ದೆ. ಗಾರೆ ಬಳಿಯೋ ಕರಣೆಗೆ ಇಂಗ್ಲಿಷಲ್ಲಿ ಏನಂತಾರೆ ಗೊತ್ತಿಲ್ಲ, ಅದ್ಕೆ ಕರಣೆ ಅಂತ್ಲೇ ಬರ್ದು ಚಿತ್ರ ಬುಡ್ಸ್ಬುಟ್ಟೆ ಪಕ್ಕದಲ್ಲಿ."

"ಟೆಸ್ಟಲ್ಲಿ ಚಿತ್ರ ಬರ್ದ್ಯಾ?"

"ಇನ್ನೇನ್ ಮಾಡ್ಲಿ? ಆಮೇಲೆ ಆ ಪುಸ್ತಕ ಸಿಕ್ತೇನೋ? ನಿಮ್ ಲೈಬ್ರರೀದು?"

"ಯಾರೋ ತಗೊಂಡೋಗ್ಬುಟ್ಟವ್ರೆ ಅಂದ್ನಲ್ಲ."

"ಯಾವನೋ ಕಳ್ನನ್ಮಗ" ಎಂದ ಹರೀಶ, ಸಿಟ್ಟಿಲ್ಲದೆ, ಬಾಯ್ತುಂಬ ಅನ್ನ ಇಟ್ಟುಕೊಂಡು. ಅಮರೇಶನಿಗೆ, ಈಗ ಹೇಳಿದರೂ ಆಗುತ್ತದೆ, ಇನ್ನೂ ಒಂದು ಗಂಟೆ ಇದೆ, ಕನಿಷ್ಠ ನೋಟುಬುಕ್ಕಾದರೂ ತೋರಿಸಬಹುದು ಎನ್ನಿಸಿತು. ಎನ್ನಿಸಿದ್ದನ್ನು ಹಾಗೇ ಕೂರಲು ಬಿಟ್ಟ. ಅದು ಸ್ವಲ್ಪ ಹೊತ್ತು ಕೂತು ಎದ್ದುಹೋಯಿತು. ಬದಲಿಗೆ, ಏನೋ ಒಂದು ಕೊಡಬೇಕೆಂಬಂತೆ, "ಒಂದ್ ಪಾಠ ಹೇಳ್ಲಾ? ಕೇಳ್ಕೊ" ಎಂದು ಆರನೆಯದನ್ನು ಶುರುಮಾಡಿದ. ತಡೆಯಿಲ್ಲದೆ ಹೇಳಿದ. ಏರಬೇಕಾದಲ್ಲಿ ದನಿ ಏರಿತು, ಇಳಿಯಬೇಕಾದಲ್ಲಿ ಇಳಿಯಿತು. ಹರೀಶ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ.

"ಲೇ, ರೇಡಿಯೋದವ್ರು ಓದ್ದಂಗ್ ಓದ್ತೀಯಲ್ಲೋ! ನೀನು ಮೊದ್ಲನೇ ಪಟ್ಟಿ ಬುಡು. ಏನದು, ಏನರ್ಥ?"

"ಅರ್ಥ ಯಾಕೀಗ?"

"ಯಾಕಂದ್ರೆ, ಕ್ಯಾಮಲ್ ಕ್ಯಾಮಲ್ ಅಂತ ಬಂತಲ್ಲ ನಡುವೆ. ಒಂಟೆ ಏನಾಯ್ತು ಅಂತ."

"ಸುಮ್ನೆ ತಿನ್ನೋ ಕಂಡಿದೀನಿ!" ಅಮರೇಶ ಎದ್ದು ನಿಂತುಬಿಟ್ಟ. ಇಷ್ಟು ಜೋರಾಗಿ ಯಾಕೆ ಕೂಗಿದೆನೆಂದು ಅವನಿಗೇ ತಿಳಿಯಲಿಲ್ಲ. ಹರೀಶ ಬೆರಗಾಗಿ ನೋಡಿ, "ಟೆನ್ಸನ್ನಾ? ಆಯ್ತದೆ ಆಯ್ತದೆ" ಎಂದು ಡಬ್ಬಿಗೆ ಬಗ್ಗಿದ.

ಓದಿನ ಕೋಣೆಯ ಹೊರಗೆ ಬೆಂಚು ಹಾಕಿದ್ದರು. ಬಾಗಿಲು ತೆರೆದು ಹೆಸರು ಕರೆಯುವುದು, ಒಬ್ಬ ಹೋಗುವುದು, ಒಬ್ಬ ಬರುವುದು. ಬಂದವರ ಮುಖ ನೋಡಬಾರದೆಂದು ಅಮರೇಶ ಗೋಡೆ ನೋಡುತ್ತಿದ್ದ. ಎರಡನೆಯ ಪಟ್ಟಿಯಲ್ಲಿ ಹೆಸರು ಬಂದರೆ ನಾಳೆ ಸಂಜೆಗೆ ನಂಜನಗೂಡಿನ ಬಸ್ಸು, ಅಲ್ಲಿಂದ ಊರು. ಅಪ್ಪ ಬೈಯುವುದಿಲ್ಲ. ಅದೇ ಭಯ. "ಬಂದ್ಯಾ? ಒಳ್ಳೇದಾಯ್ತು, ನನ್ ಮಂಡಿ ಕೈಲಾಗಲ್ಲ ಅಂತದೆ" ಎಂದು ಗೂಟದಿಂದ ಜೋಳಿಗೆ ತೆಗೆದು ಕೊಡುತ್ತಾರೆ. ಹದಿಮೂರು ವರ್ಷವಿದ್ದಾಗ ಒಂದು ಸೋಮವಾರ ಅಪ್ಪನ ಹಿಂದೆ ಭಿಕ್ಷಕ್ಕೆ ಹೋಗಿ ಶಾನುಭೋಗರ ಬೀದಿಯ ಕೊನೆಯ ಮನೆಯ ಮುಂದೆ ನಿಂತಿದ್ದ. ಮೊರದಲ್ಲಿ ರಾಗಿ ಹಿಟ್ಟು ಹಿಡಿದು ಬಂದವಳು ಮಂಜುಶ್ರೀ, ಅವನದೇ ಕ್ಲಾಸಿನವಳು. ಅಪ್ಪನ ಜೋಳಿಗೆಗೆ ಹಾಕಿ ಇವನ ಜೋಳಿಗೆಯ ಮುಂದೆ ಬಂದಾಗ ಮೊರ ಅಲ್ಲಾಡಿತು. ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಒಳಗಿನಿಂದ ಅವಳ ತಾಯಿ, "ಮರಿ ಐನೋರೂ ಬಂದವ್ರೇನೇ? ಕಾಲಿಗ್ ಬೀಳೇ, ವಿದ್ಯೆ ಹತ್ತತದೆ" ಎಂದು ಕೂಗಿದಳು. ಹಿಂದಿನ ವಾರ ಗಣಿತದಲ್ಲಿ ತೊಂಬತ್ತಾರು ತೆಗೆದಿದ್ದ ಮಂಜುಶ್ರೀ, ಮೂವತ್ತೆಂಟು ತೆಗೆದಿದ್ದ ಅವನ ಧೂಳುಗಾಲಿಗೆ ಹಣೆ ಮುಟ್ಟಿಸಿ ಎದ್ದಳು. ಅವಳ ಹಣೆಯ ಮೇಲೆ ಧೂಳಿತ್ತು. ಅವನ ಜೋಳಿಗೆಯಲ್ಲಿ ಅವಳ ಮನೆಯ ಹಿಟ್ಟಿತ್ತು. ಯಾರು ಯಾರಿಗೆ ಏನು ಕೊಟ್ಟರೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಮಾರನೆಯ ದಿನ ಶಾಲೆಯಲ್ಲಿ ಹುಡುಗರು "ಬುದ್ಧೀ, ಪಾದ ಕೊಡಿ" ಎಂದು ಬೆಂಚಿನ ಕೆಳಗೆ ತೂರಿದ್ದು ಮಾತ್ರ ಗೊತ್ತು. ಜೋಳಿಗೆ ಹಿಡಿದವರ ಬಗ್ಗೆ ಅವನಿಗೆ ಅಸಹ್ಯವಿರಲಿಲ್ಲ. ಅಪ್ಪ ಆ ಮನೆಗಳ ಮುಂದೆ ನಿಲ್ಲುವಾಗ ರಾಜನ ಹಾಗೆ ನಿಲ್ಲುತ್ತಿದ್ದರು. ತನಗೆ ಹಾಗೆ ನಿಲ್ಲಲು ಬರುವುದಿಲ್ಲ, ಅಷ್ಟೇ.

"ಅಮರೇಶ್."

ಅಂಬುಜಾ ಮೇಡಂ ನಡುವಯಸ್ಸಿನವರು, ಬೆಳಗಿನಿಂದ ಕೂತು ದಣಿದಿದ್ದರು. ಟೀ ಲೋಟದ ಮೇಲೆ ಕೆನೆ ಕಟ್ಟಿತ್ತು. "ಕೂತ್ಕೊಳಪ್ಪ. ಹೆದರ್ಕೋಬೇಡ. ನಿಧಾನವಾಗಿ ಓದು" ಎಂದು ಒಂದು ಹಾಳೆ ಮುಂದೆ ಸರಿಸಿದರು. ಅಂಥದೇ ಇನ್ನೊಂದು ಹಾಳೆಯನ್ನು ತಮ್ಮ ಮುಂದಿಟ್ಟುಕೊಂಡು ಕೆಂಪು ಪೆನ್ಸಿಲು ಹಿಡಿದರು. ಹಾಳೆ ಹೊಸದು, ಕಂಪ್ಯೂಟರಿನಲ್ಲಿ ಹೊಡೆದದ್ದು. ಇದು ಆ ಪುಸ್ತಕದ್ದಲ್ಲವೇನೋ ಎಂದುಕೊಂಡ ಅಮರೇಶ. ಆಮೇಲೆ ಮೊದಲ ಮೂರು ಪದ ಕಂಡವು. ಫಾರ್, ಫಾರ್ಟಿ, ವಿಂಟರ್ಸ್. ಹತ್ತೊಂಬತ್ತು! ಹತ್ತೊಂಬತ್ತನೆಯದು ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತು. ಬೆರಳನ್ನು ಮೊದಲ ಸಾಲಿಗಿಟ್ಟು ಶುರುಮಾಡಿದ.

ಮೂರು ವಾರದಲ್ಲಿ ಮೊದಲ ಸಲ ಅವನಿಗೆ ಮೈ ಹಗುರಾಯಿತು. ದನಿ ತಾನಾಗಿ ಹೊರಟಿತು, ತನ್ನ ದಾರಿಯನ್ನು ತಾನೇ ಬಲ್ಲ ಎತ್ತಿನ ಹಾಗೆ. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಒಂದು ಪ್ಯಾರಾ ಮುಗಿಯಿತು, ಎರಡನೆಯದು ಶುರುವಾಯಿತು. ಎದುರಿಗೆ ಕೆಂಪು ಪೆನ್ಸಿಲು ನಿಂತದ್ದನ್ನು ಅವನು ನೋಡಿದ. ಊರಿನ ಜಗುಲಿಯಲ್ಲಿ ಹಿರಿಯರು ಕೈಯಲ್ಲಿನ ಕೆಲಸ ನಿಲ್ಲಿಸಿ ಕೇಳುತ್ತಿದ್ದದ್ದು ಹೀಗೇ. ದನಿಯನ್ನು ಇನ್ನೊಂದು ಮೆಟ್ಟಿಲು ಏರಿಸಿದ. ಬೆರಳು ಹಾಳೆಯ ಬರಹ ಮುಗಿದು ಕೆಳಗಿನ ಬಿಳಿಗೆ ಬಂದಿತ್ತು. ಪಾಠ ಇನ್ನೂ ಆರು ಸಾಲು ಉಳಿದಿತ್ತು.

"ಒಂದ್ ನಿಮಿಷ."

ನಿಲ್ಲಿಸಿದ.

"ಈಗ ಓದಿದ್ಯಲ್ಲ, ಆ ಸಾಲು ತೋರ್ಸು."

ಬೆರಳನ್ನು ಮೇಲಕ್ಕೆ ತಂದು ನಡುವೆ ಎಲ್ಲೋ ಇಟ್ಟ. "ಇಲ್ಲಿ ಮೇಡಂ."

ಅವರು ಬಗ್ಗಿ ನೋಡಿದರು. "ಇಲ್ಲಿ ಬೇರೆ ಇದೆ. ನಡುವಿನ ಪ್ಯಾರಾ ಇದರಲ್ಲಿ ಇಲ್ವೇ ಇಲ್ಲ ಕಣಪ್ಪ. ಒಂದೇ ಹಾಳೇಲಿ ಹಿಡೀಲಿ ಅಂತ ನಾನೇ ಈ ವರ್ಷ ತೆಗೆದೆ. ನೀನು ಇಲ್ಲದೇ ಇರೋದನ್ನ ಓದಿದೆ."

ಮೇಲೆ ಫ್ಯಾನು ತಿರುಗುತ್ತಿತ್ತು. ಮೇಡಂ ಹಾಳೆಯನ್ನು ಅವನ ಬೆರಳ ಕೆಳಗಿನಿಂದ ಎಳೆದು ಮಗುಚಿಟ್ಟರು. "ಪೂರ್ತಿ ಬರತ್ತಾ?"

"ಬರತ್ತೆ ಮೇಡಂ."

"ಹೇಳು."

ಇದು ಉರುಳೋ ಉಪಕಾರವೋ ತಿಳಿಯದೆ, ನಿಲ್ಲಿಸಿದರೆ ಎಲ್ಲ ಮುಗಿಯುತ್ತದೆ ಎಂಬುದಷ್ಟೇ ತಿಳಿದು, ಹೇಳಿದ. ಕೊನೆಯ ಪದದವರೆಗೆ, ಒಂದೂ ತಪ್ಪಿಲ್ಲದೆ. ಮೇಡಂ ಕನ್ನಡಕ ತೆಗೆದು ಕೇಳಿದರು. ಮುಗಿದ ಮೇಲೆ, "ಚೆನ್ನಾಗಿ ಹೇಳ್ತೀಯ. ನನ್ನ ಹತ್ರ ಓದೋ ಯಾರೂ ಇಷ್ಟು ಚೆನ್ನಾಗಿ ಹೇಳಲ್ಲ" ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಅವನು ಆಸೆಯಿಂದ ತಲೆಯೆತ್ತಿದ.

"ಕೊನೇಲಿ ಆ ಮುದುಕ ಏನಾದ?"

ಅದರಲ್ಲಿ ಒಬ್ಬ ಮುದುಕ ಇದ್ದಾನೆಂದು ಅಮರೇಶನಿಗೆ ಗೊತ್ತಿರಲಿಲ್ಲ. ಮೂರು ವಾರ, ದಿನಕ್ಕೆ ಹತ್ತು ಸಲ ಆ ಪಾಠವೆಂಬ ಮನೆಯ ಅಂಗಳದಲ್ಲಿ ಓಡಾಡಿದ್ದ, ಒಳಗೆ ಒಬ್ಬ ಕೂತಿದ್ದನ್ನು ನೋಡಿರಲಿಲ್ಲ. ಪಾಠವನ್ನು ಮನಸ್ಸಿನಲ್ಲೇ ಬೇಗಬೇಗ ಓಡಿಸಿ ಹುಡುಕಿದ. ಸದ್ದುಗಳು ದಾಟಿಹೋದವು, ಯಾರೂ ಇಳಿಯಲಿಲ್ಲ. "ಸತ್ತ ಮೇಡಂ" ಎಂದ. ಅವನು ಓದಿದ ಪುರಾಣಗಳಲ್ಲಿ ಮುದುಕರಿಗೆಲ್ಲ ಕೊನೆಗೆ ಅದೇ ಆಗುತ್ತಿತ್ತು.

"ಸಾಯಲ್ಲ. ಹೋಗ್ಲಿ, ಕನ್ನಡದಲ್ಲೇ ಹೇಳು, ಪಾಠ ಯಾವುದರ ಬಗ್ಗೆ?"

"ಚಳಿಗಾಲದ ಬಗ್ಗೆ."

ಮೇಡಂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಹಾಳೆಯನ್ನು ಮತ್ತೆ ತಿರುಗಿಸಿ, ಕೊನೆಯ ಹತ್ತಿರದ ಒಂದು ಪದದ ಕೆಳಗೆ ಪೆನ್ಸಿಲಿನ ಮೊನೆ ಇಟ್ಟು, "ಇದೊಂದು ಪದ ಹೇಳು, ಸಾಕು" ಎಂದರು. ಅವರಿಗೆ ತನ್ನನ್ನು ಪಾಸು ಮಾಡುವ ಮನಸ್ಸಿದೆ ಎಂದು ಅವನಿಗೆ ಹೊಳೆಯಿತು. ಪಾಠವನ್ನು ಮೊದಲಿಂದ ಒಳಗೊಳಗೇ ಹೇಳುತ್ತ, ಹಾಳೆಯ ಪದಗಳನ್ನು ಒಂದೊಂದಾಗಿ ಕಣ್ಣಿಂದ ಎಣಿಸುತ್ತ ಆ ಪದದ ಕಡೆ ಹೊರಟ. ನಡುವೆ ಇಲ್ಲದ ಪ್ಯಾರಾ ಬಂತು. ಅದನ್ನು ಕಳೆಯಬೇಕು. ಎಷ್ಟು ಪದ ಕಳೆಯಬೇಕು? ಮತ್ತೆ ಮೊದಲಿಂದ ಹೊರಟ. ಪೆನ್ಸಿಲು ಕಾಯುತ್ತಿತ್ತು. ಕೊನೆಗೆ ಎಣಿಕೆ ಎಲ್ಲಿಗೆ ತಂದು ನಿಲ್ಲಿಸಿತೋ ಅಲ್ಲಿನ ಪದವನ್ನು ಹೇಳಿದ.

"ಹಾರ್ಬರ್."

"ಲ್ಯಾಂಪ್" ಎಂದರು ಮೇಡಂ.

ಆಗ ನೋಡಿದ. ನಾಲ್ಕೇ ಅಕ್ಷರ. ಐದನೆಯ ಕ್ಲಾಸಿನ ಗೋಡೆಯ ಮೇಲೆ ಹಳದಿ ದೀಪದ ಚಿತ್ರದ ಪಕ್ಕ ವರ್ಷವಿಡೀ ತೂಗುತ್ತಿದ್ದ ನಾಲ್ಕು ಅಕ್ಷರ. ಅದು ಅವನಿಗೆ ಗೊತ್ತಿತ್ತು. ಅಂಗಡಿ ಬೋರ್ಡಿನಲ್ಲಿದ್ದರೆ, ಬಸ್ಸಿನ ಕಿಟಕಿಯಿಂದಲೂ ಓದಿಬಿಡುತ್ತಿದ್ದ. ಪೆನ್ಸಿಲಿನ ಮೊನೆ ತೋರಿಸಿದ ಕಡೆ ಒಂದು ಸಲ, ಒಂದೇ ಒಂದು ಸಲ, ಕಣ್ಣಿಟ್ಟು ನೋಡಿದ್ದರೆ.

"ನೋಡದೇನೇ ಹೇಳ್ತೀಯಲ್ಲಪ್ಪ" ಎಂದು ಮೇಡಂ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಏನೋ ಬರೆದರು. "ಒಂದು ವರ್ಷ ತಾನೇ. ಸಾವಕಾಶವಾಗಿ ಕಲಿ. ಒಳ್ಳೆ ಗಂಟಲಿದೆ ನಿನಗೆ."

ಹಾಸ್ಟೆಲಿನ ನಿಯಮ ಹೇಳಬೇಕು ಎಂದುಕೊಂಡ. ಟ್ರಂಕು, ಬಸ್ಸು, ಅಪ್ಪನ ಮಂಡಿ. ಆ ವಾಕ್ಯಗಳ ಕೊನೆಯಲ್ಲಿ ಜೋಳಿಗೆ ಎಂಬ ಪದ ಇತ್ತು. ಅದನ್ನು ಈಕೆಯ ಮುಂದೆ, ಈ ಫ್ಯಾನಿನ ಕೆಳಗೆ ಹೇಳುವುದು ಆಗಲಿಲ್ಲ. "ನಲವತ್ತೂ ಬರ್ತವೆ ಮೇಡಂ. ಯಾವ್ದು ಬೇಕಾದ್ರೂ ಕೇಳಿ" ಎಂದ.

"ಬೇಡಪ್ಪ. ಹೋಗ್ಬಾ." ಬಾಗಿಲ ಕಡೆ ನೋಡಿ ಕರೆದರು: "ಹರೀಶ್."

ಹರೀಶ ಒಳಗೆ ಬಂದು, ಗೆಳೆಯ ಇನ್ನೂ ಕೂತೇ ಇದ್ದದ್ದನ್ನು ಕಂಡು ಹಲ್ಲು ಕಿರಿಯುತ್ತ ನಿಂತ. ಅಮರೇಶ ಎದ್ದ. ಕುರ್ಚಿ ಬಿಟ್ಟುಕೊಟ್ಟ. ಬಾಗಿಲಿನ ಕಡೆ ಹೋಗಲಿಲ್ಲ. ಮೇಜಿನ ಪಕ್ಕ ಕೈಕಟ್ಟಿ ನಿಂತು ಮೊದಲನೆಯ ಪಾಠವನ್ನು ಶುರುಮಾಡಿದ. ಮೊದಮೊದಲು ಮೆಲ್ಲಗೆ, ಆಮೇಲೆ ದನಿ ತಾನೇ ತೆರೆದುಕೊಂಡಿತು. ಹೊರಗಿನ ಬೆಂಚಿನವರು ಬಾಗಿಲಲ್ಲಿ ಇಣುಕಿದರು.

"ಬೇಡ ಅಂದೆನಲ್ಲ" ಎಂದರು ಮೇಡಂ. "ಏನಪ್ಪ ಇದು?"

ಅವನು ನಿಲ್ಲಿಸಲಿಲ್ಲ. ನಿಲ್ಲಿಸುವುದು ಹೇಗೆಂದು ಅವನಿಗೂ ಗೊತ್ತಾಗಲಿಲ್ಲ. ಹರೀಶ ಅವನ ಮುಖ ನೋಡಿದ. ಹಲ್ಲು ಕಿರಿದಿದ್ದ ಬಾಯಿ ನಿಧಾನವಾಗಿ ಮುಚ್ಚಿತು. ಅಂಗಿಯ ತೋಳು ಹಿಡಿದು, "ಬಾರೋ, ಆಚೆಗೋಗನ. ಲೇ, ಬುಡೋ" ಎಂದು ಪಿಸುಗುಟ್ಟಿದ. ತೋಳು ಕಲ್ಲಿನ ಹಾಗಿತ್ತು. ಮೇಡಂ ಗಡಿಯಾರ ನೋಡಿದರು, ಬಾಗಿಲಲ್ಲಿ ನಿಂತ ಮುಖಗಳನ್ನು ನೋಡಿದರು. ಇನ್ನೂ ಇಪ್ಪತ್ತು ಜನ ಇದ್ದರು. ಹೊಸ ಹಾಳೆಯೊಂದನ್ನು ಹರೀಶನ ಮುಂದಕ್ಕೆ ತಳ್ಳಿದರು.

"ನೀನು ಓದಪ್ಪ" ಎಂದರು.

ಹರೀಶ ಕೂತ. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಮೊದಲ ಪದವನ್ನು ಎರಡು ತುಂಡು ಮಾಡಿ ಓದಿದ, ತಪ್ಪಾಯಿತು, ಮೇಡಂ ತಿದ್ದಿದರು, ಅದನ್ನೇ ಇನ್ನೊಂದು ಸಲ ಓದಿದ. ಅಮರೇಶ ಅಷ್ಟರಲ್ಲಿ ಎರಡನೆಯ ಪಾಠಕ್ಕೆ ಬಂದಿದ್ದ.